ಕ್ಯೂಬಿಟ್ ರೀಸೆಟ್: ಮೂರು ಸಲ ಮಾಡಿದರೂ 1 ಉಳಿಯುತ್ತಿದ್ದರೆ ಈ ಕ್ರಮದಲ್ಲಿ ನೋಡಿ

ಶಿರಸಿಯಲ್ಲಿ ನಾವು ಭಾನುವಾರ ಸೇರುವ ಕ್ವಾಂಟಂ ಗುಂಪಿಗೆ ಕಾರವಾರ, ಕುಮಟಾ, ಯಲ್ಲಾಪುರದಿಂದ ಎಂಜಿನಿಯರಿಂಗ್ ಹುಡುಗರು ಬರುತ್ತಾರೆ. ಉಳಿದದ್ದೆಲ್ಲ ಚೆನ್ನಾಗಿ ಮಾಡುತ್ತಾರೆ, ರೀಸೆಟ್ ಹತ್ತಿರ ಬಂದು ಮುಗ್ಗರಿಸುತ್ತಾರೆ. ರೀಸೆಟ್ ಅಂದರೆ ಕ್ವಾಂಟಂ ಕಂಪ್ಯೂಟರಿನ ಬಿಟ್ ಆದ ಕ್ಯೂಬಿಟ್ಟನ್ನು ಮತ್ತೆ 0ಗೆ ತರುವುದು. ಸರ್ಕಿಟ್‌ನಲ್ಲಿ ರೀಸೆಟ್ ಅಂತ ಒಂದು ಸಾಲು ಬರೆದರೆ ಕ್ಯೂಬಿಟ್ 0ಗೆ ಬಂತು ಅಂತ ನಂಬಿಬಿಡುತ್ತಾರೆ. ಸಿಮ್ಯುಲೇಟರ್‌ನಲ್ಲಿ ಬರುತ್ತದೆ ಕೂಡ. ನಿಜವಾದ ಯಂತ್ರಕ್ಕೆ ಕಳಿಸಿದರೆ ನೂರಕ್ಕೆ ಒಂದೋ ಎರಡೋ ಸಲ 1 ಕಾಣುತ್ತದೆ. ಆಗ ಇನ್ನೊಂದು ರೀಸೆಟ್ ಸೇರಿಸುತ್ತಾರೆ. ಆಮೇಲೆ ಮತ್ತೊಂದು. ಸಂಖ್ಯೆ ಅಲ್ಲಾಡುವುದಿಲ್ಲ.

ನಾನೂ ಹೀಗೇ ಮಾಡಿ ಕೈ ಸುಟ್ಟುಕೊಂಡವನು. ಐಬಿಎಂನ ಪುಕ್ಕಟೆ ಖಾತೆಗೆ ತಿಂಗಳಿಗೆ 10 ನಿಮಿಷ ಯಂತ್ರ ಸಿಗುತ್ತದೆ. ಒಂದು ಮಳೆಗಾಲದ ಸಂಜೆ ಆ 10 ನಿಮಿಷವನ್ನೂ ಒಂದು, ಎರಡು, ಮೂರು, ಐದು ರೀಸೆಟ್ ಹಾಕಿ ನೋಡುವುದರಲ್ಲೇ ಮುಗಿಸಿದೆ. ಎರಡರಿಂದ ಐದರವರೆಗೆ ಗೆರೆ ಅಂಗಳದ ಹಾಗೆ ಸಪಾಟು. ತಪ್ಪು ರೀಸೆಟ್‌ನಲ್ಲಿ ಇರಲಿಲ್ಲ. ಅದಕ್ಕಿಂತ ಮುಂಚೆ ಮಾಡಬೇಕಿದ್ದ ಎರಡು ಕೆಲಸ ಬಿಟ್ಟಿದ್ದೆ.

ನಮ್ಮ ಕಡೆ ತೊಡೆದೇವು ಮಾಡುವವರನ್ನು ನೋಡಿದ್ದೀರಲ್ಲ. ಬೋರಲು ಗಡಿಗೆ, ಕೆಳಗೆ ಬೆಂಕಿ. ಅಕ್ಕಿ ಮತ್ತು ಕಬ್ಬಿನ ಹಾಲಿನ ತೆಳು ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಬಳಿಯುತ್ತಾರೆ, ಎಬ್ಬಿಸುತ್ತಾರೆ, ಗಡಿಗೆ ಒರೆಸಿ ಮತ್ತೆ ಬಳಿಯುತ್ತಾರೆ. ಹಳೆಯ ಚೂರು ಉಳಿದರೆ ಮುಂದಿನದು ಹರಿದುಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಅವಸರವಾಗಿ ಒರೆಸಿದರೆ ಗಡಿಗೆಯ ಕಾವೇ ಕೆಡುತ್ತದೆ. ಕ್ಯೂಬಿಟ್‌ನಲ್ಲೂ ಇದೇ ಪೇಚು. ಒರೆಸುವ ಕೆಲಸವೇ ಹೊಸ ಕೊಳೆ, ಅಂದರೆ ಬೇಡದ 1, ತರುತ್ತದೆ.

## ಬೇಕಾದ ಸಾಮಾನು

ಪೈಥಾನ್ ಮತ್ತು ಐಬಿಎಂನ ಕ್ವಾಂಟಂ ತಂತ್ರಾಂಶ ಕ್ವಿಸ್ಕಿಟ್ ಇರುವ ಯಾವುದೇ ಲ್ಯಾಪ್‌ಟಾಪ್ ಸಾಕು. 1ರಿಂದ 5 ಮತ್ತು 7ನೇ ಹಂತಕ್ಕೆ ಕ್ಲೌಡ್ ಖಾತೆ ಬೇಕು. 6ನೇ ಹಂತ ಪಲ್ಸ್ ಮಟ್ಟದ್ದು, ಅಂದರೆ ಕ್ಯೂಬಿಟ್‌ಗೆ ಹೋಗುವ ಮೈಕ್ರೋವೇವ್ ಮಿಡಿತವನ್ನೇ ನಾವು ರೂಪಿಸುವುದು. ಐಬಿಎಂ ಯಂತ್ರಗಳಲ್ಲಿ 2025ರ ಆರಂಭದಿಂದ ಪಲ್ಸ್ ಮಟ್ಟದ ಹಿಡಿತ ಸಿಗುವುದಿಲ್ಲ. ಪ್ರಯೋಗಾಲಯ ಇಲ್ಲದವರು ಅದನ್ನು ಕ್ಯೂಟಿಪ್ ಅನ್ನುವ ಉಚಿತ ಪೈಥಾನ್ ಸಂಗ್ರಹದಲ್ಲಿ ಮಾಡಿ ನೋಡಬಹುದು.

ಪ್ರಯೋಗಾಲಯದಲ್ಲಿ ಇರುವವರಿಗೆ ಅಳತೆಯ ಫಲವನ್ನು ಕೆಲವು ನೂರು ನ್ಯಾನೋಸೆಕೆಂಡ್‌ನಲ್ಲಿ ತೀರ್ಮಾನಿಸಿ ಮುಂದಿನ ಪಲ್ಸ್ ಕಳಿಸುವ ಎಫ್‌ಪಿಜಿಎ (ಕೆಲಸವನ್ನು ನಾವೇ ಹೊಂದಿಸಬಹುದಾದ ವೇಗದ ಚಿಪ್) ನಿಯಂತ್ರಕ ಬೇಕು. ಫಲ ಮೊದಲು ಕಂಪ್ಯೂಟರ್‌ಗೆ ಹೋಗಿ, ಅಲ್ಲಿಂದ ವಾಪಸ್ ಬಂದು ಪಲ್ಸ್ ಹೊರಡುವ ವ್ಯವಸ್ಥೆ ಇದ್ದರೆ ಆಸೆ ಬಿಡಿ. ಅಷ್ಟರಲ್ಲಿ ಕ್ಯೂಬಿಟ್ ತಾನಾಗೇ ಇಳಿದಿರುತ್ತದೆ.

ಇನ್ನೊಂದು ಮಾತು. ಜಾಬ್, ಅಂದರೆ ಯಂತ್ರ ಓಡಿಸಬೇಕಾದ ಕೆಲಸ, ಕಳಿಸಿದ ಕೂಡಲೇ ಅದರ ಗುರುತು ಸಂಖ್ಯೆ ಬರೆದಿಟ್ಟುಕೊಳ್ಳಿ. ಜುಲೈನಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಜಾಬ್ ಮಾತ್ರ ಅಲ್ಲಿ ಓಡುತ್ತಿರುತ್ತದೆ.

## ಹಂತ 1: ಮೊದಲು ಕಾಯುವ ಲೆಕ್ಕ ಹಾಕಿ

ಕ್ಯೂಬಿಟ್ 1ರಿಂದ 0ಗೆ ತಾನಾಗೇ ಇಳಿಯಲು ಹಿಡಿಯುವ ಕಾಲದ ಅಳತೆಗೆ ಟಿ-1 ಅನ್ನುತ್ತಾರೆ. ಒಂದು ಟಿ-1 ಕಾದರೆ ನೂರಕ್ಕೆ 37 ಪಾಲು ಇನ್ನೂ 1ರಲ್ಲೇ ಇರುತ್ತದೆ. ಐದು ಟಿ-1 ಕಾದರೆ ನೂರಕ್ಕೆ 0.7 ಪಾಲು. ಟಿ-1 100 ಮೈಕ್ರೋಸೆಕೆಂಡ್ ಅಂತಿಟ್ಟುಕೊಳ್ಳಿ. ಒಂದು ಶಾಟ್‌ಗೆ, ಅಂದರೆ ಸರ್ಕಿಟ್ ಒಂದು ಸಲ ಓಡುವುದಕ್ಕೆ, 500 ಮೈಕ್ರೋಸೆಕೆಂಡ್ ಕಾಯಬೇಕು, 4000 ಶಾಟ್‌ಗೆ 2 ಸೆಕೆಂಡ್.

2 ಸೆಕೆಂಡ್ ಅಷ್ಟೇ ಅಲ್ವಾ? ಹೌದು. ಸರ್ಕಿಟ್ ಶುರುವಾಗುವಾಗ ಮಾತ್ರ ಕ್ಯೂಬಿಟ್ ಸ್ವಚ್ಛ ಇರಬೇಕು, ಸರ್ಕಿಟ್‌ಗಳೂ ಹತ್ತಿಪ್ಪತ್ತೇ ಇವೆ ಅಂದರೆ ಸುಮ್ನೆ ಕಾಯಿರಿ. ಅದಕ್ಕಿಂತ ನಂಬಿಕಸ್ತ ರೀಸೆಟ್ ಇಲ್ಲ. ಅರ್ಧಕ್ಕರ್ಧ ಜನಕ್ಕೆ ಈ ಲೇಖನ ಇಲ್ಲಿಗೇ ಮುಗಿಯಬೇಕು.

ಕಾಯಲು ಆಗದ್ದು ಯಾವಾಗ? ಒಂದೇ ಕ್ಯೂಬಿಟ್ಟನ್ನು ಸರ್ಕಿಟ್ ನಡುವೆ ಮತ್ತೆ ಬಳಸಬೇಕಾದಾಗ, ಅಥವಾ ದೋಷ ತಿದ್ದುವ ಸರ್ಕಿಟ್ ಸುತ್ತು ಸುತ್ತಾಗಿ ಓಡುವಾಗ. ಅಲ್ಲಿ ಒಂದು ಸುತ್ತಿಗೆ ಸಿಗುವುದು ಒಂದು ಮೈಕ್ರೋಸೆಕೆಂಡ್ ಆಸುಪಾಸು. ಒಂದು ಕ್ಯೂಬಿಟ್‌ಗಾಗಿ 500 ಮೈಕ್ರೋಸೆಕೆಂಡ್ ನಿಂತರೆ ಪಕ್ಕದವೆಲ್ಲ ಹಾಳಾಗುತ್ತವೆ.

ಹೆಚ್ಚಿನವರು ಎಡವುವುದು ಇಲ್ಲಿ: ಎರಡು ಶಾಟ್ ನಡುವಿನ ಬಿಡುವು ಎಷ್ಟಿದೆ ಅಂತ ನೋಡುವುದೇ ಇಲ್ಲ. ಐಬಿಎಂ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ 250 ಮೈಕ್ರೋಸೆಕೆಂಡ್. ಟಿ-1 50 ಇದ್ದ ಕಾಲಕ್ಕೆ ಅದು ಐದು ಪಟ್ಟು. ಒಳ್ಳೆಯ ಕ್ಯೂಬಿಟ್‌ನ ಟಿ-1 250 ಇದ್ದರೆ ಅದು ಒಂದೇ ಪಟ್ಟು. ಕ್ಯೂಬಿಟ್ ಸುಧಾರಿಸಿದಷ್ಟೂ ಅದು ಹಳೆಯದನ್ನು ಮರೆಯುವುದು ನಿಧಾನ.

## ಹಂತ 2: ರೀಸೆಟ್ ಮಾಡುವ ಮುಂಚೆ ಕೊಳೆ ಎಷ್ಟಿದೆ ಅಳೆಯಿರಿ

ನಾನು ಬಿಟ್ಟಿದ್ದ ಎರಡು ಕೆಲಸಗಳಲ್ಲಿ ಇದು ಒಂದು.

ಮೂರು ಚಿಕ್ಕ ಸರ್ಕಿಟ್ ಬರೆಯಿರಿ. ಮೊದಲನೆಯದರಲ್ಲಿ ಏನೂ ಮಾಡದೆ ಅಳೆಯಿರಿ. ಎರಡನೆಯದರಲ್ಲಿ 0ಯನ್ನು 1ಕ್ಕೆ, 1ನ್ನು 0ಗೆ ತಿರುಗಿಸುವ ಎಕ್ಸ್ ಗೇಟ್ ಹಾಕಿ ಅಳೆಯಿರಿ. ಮೂರನೆಯದರಲ್ಲಿ ಏನೂ ಮಾಡದೆ ಎರಡು ಸಲ ಅಳೆಯಿರಿ, ಫಲಗಳನ್ನು ಬೇರೆ ಬೇರೆ ಬಿಟ್‌ಗೆ ಹಾಕಿ.

ಮೊದಲನೆಯದರಲ್ಲಿ ನೂರಕ್ಕೆ 2 ಸಲ 1 ಬಂತು ಅನ್ನಿ. ಕ್ಯೂಬಿಟ್ ನಿಜವಾಗಿ 1ರಲ್ಲಿತ್ತೋ, 0 ಇದ್ದದ್ದನ್ನು ರೀಡೌಟ್ 1 ಅಂತ ತಪ್ಪು ಓದಿತೋ? ಒಂದು ಅಳತೆಯಿಂದ ಹೇಳಲು ಬರುವುದಿಲ್ಲ. ಅದಕ್ಕೇ ಮೂರನೆಯ ಸರ್ಕಿಟ್. ಕ್ಯೂಬಿಟ್ ನಿಜಕ್ಕೂ 1ರಲ್ಲಿದ್ದರೆ ಎರಡನೇ ಸಲವೂ ಬಹುತೇಕ 1 ಬರುತ್ತದೆ. ಓದುವಾಗ ಆದ ತಪ್ಪು ಎರಡನೇ ಸಲ ಮಾಯವಾಗುತ್ತದೆ. ಹಾಗಾಗಿ ಎರಡೂ ಸಲ 1 ಬಂದ ಶಾಟ್‌ಗಳ ಪಾಲೇ ನಿಜವಾದ ಕೊಳೆ. ಉಳಿದದ್ದು ಓದುವ ತಪ್ಪು. ಎರಡನೆಯ ಸರ್ಕಿಟ್ 1ನ್ನು 0 ಅಂತ ಓದುವ ತಪ್ಪನ್ನು ತೋರಿಸುತ್ತದೆ.

ಏನೂ ಮಾಡದ ಕ್ಯೂಬಿಟ್ 1ರಲ್ಲಿ ಯಾಕಿರುತ್ತದೆ ಅಂತ ಕೇಳಬಹುದು. 5 ಗಿಗಾಹರ್ಟ್ಸ್‌ನ ಕ್ಯೂಬಿಟ್ಟನ್ನು ಶಾಖದ ಲೆಕ್ಕಕ್ಕೆ ತಂದರೆ 240 ಮಿಲಿಕೆಲ್ವಿನ್. ಕ್ಯೂಬಿಟ್ ಇಟ್ಟಿರುವ ಫ್ರಿಜ್ 15 ಮಿಲಿಕೆಲ್ವಿನ್‌ನಲ್ಲಿದ್ದರೆ ಅದು 1ರಲ್ಲಿ ಸಿಗುವುದು ಕೋಟಿಗೆ ಒಂದು ಸಲ. ಆದರೆ ಅಳೆದರೆ ನೂರಕ್ಕೆ ಒಂದು ಸಿಗುತ್ತದೆ. ಅಂದರೆ ಕ್ಯೂಬಿಟ್ 52 ಮಿಲಿಕೆಲ್ವಿನ್‌ನಲ್ಲಿದ್ದ ಹಾಗೆ ನಡೆದುಕೊಳ್ಳುತ್ತಿದೆ. ಮೇಲಿನ ಬಿಸಿ ಹಂತಗಳಿಂದ ತಂತಿಗಳಲ್ಲಿ ಇಳಿಯುವ ಗದ್ದಲ, ಎಲ್ಲಿಂದಲೋ ನುಸುಳುವ ಇನ್‌ಫ್ರಾರೆಡ್ ಫೋಟಾನ್, ಒಡೆದ ಎಲೆಕ್ಟ್ರಾನ್ ಜೋಡಿಗಳು, ಎಲ್ಲ ಸೇರಿ ಅದನ್ನು ಬೆಚ್ಚಗಿಡುತ್ತವೆ. ಫ್ರಿಜ್‌ನ ತಾಪಮಾಪಕ ನೋಡಿ ಕ್ಯೂಬಿಟ್ ತಣ್ಣಗಿದೆ ಅಂತ ತಿಳಿಯಬೇಡಿ.

ಇಲ್ಲಿ ಎರಡು ಹೊಂಡಗಳಿವೆ. ಒಂದು, ಕ್ಲೌಡ್ ಯಂತ್ರಗಳು ಪ್ರತಿ ಶಾಟ್ ಮುಂಚೆ ತಾವೇ ರೀಸೆಟ್ ಮಾಡಿಕೊಳ್ಳುತ್ತವೆ. ಅದನ್ನು ಆಯ್ಕೆಗಳಲ್ಲಿ ಆಫ್ ಮಾಡದೆ ಅಳೆದರೆ ನಿಮಗೆ ಸಿಗುವುದು ಅವರ ರೀಸೆಟ್‌ನ ಅಂಕ. ಎರಡು, ಸರ್ಕಿಟ್‌ನ ಮೊದಲ ಸಾಲಿನಲ್ಲೇ ರೀಸೆಟ್ ಇದ್ದರೆ, ಹೇಗೂ 0 ಇದೆಯಲ್ಲ ಅಂತ ಅದನ್ನು ಕಿತ್ತುಹಾಕುವ ಹೆಜ್ಜೆಯೊಂದು (ಪಾಸ್) ಟ್ರಾನ್ಸ್‌ಪೈಲರ್‌ನಲ್ಲಿ, ಅಂದರೆ ಸರ್ಕಿಟ್ಟನ್ನು ಯಂತ್ರಕ್ಕೆ ಹೊಂದುವ ಹಾಗೆ ಬದಲಿಸುವ ತಂತ್ರಾಂಶದಲ್ಲಿ, ಇದೆ. ಅದು ಓಡಿತೋ ಇಲ್ಲವೋ ಕ್ವಿಸ್ಕಿಟ್‌ನ ವರ್ಷನ್ ಮೇಲೆ ಹೋಗುತ್ತದೆ. ಕಳಿಸುವ ಮುಂಚೆ ಟ್ರಾನ್ಸ್‌ಪೈಲ್ ಆದ ಸರ್ಕಿಟ್‌ನ ಚಿತ್ರ ಬಿಡಿಸಿ ನೋಡಿ. ರೀಸೆಟ್ ಇದೆ ಅಂದುಕೊಂಡು ಇಲ್ಲದ ರೀಸೆಟ್ಟನ್ನು ಎರಡು ವಾರ ಅಳೆದವರು ನಮ್ಮ ಗುಂಪಿನಲ್ಲಿದ್ದಾರೆ. ಹೆಸರು ಬೇಡ, ಅಲ್ಲೇ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ.

ಶಾಟ್ ಎಷ್ಟು ಬೇಕು? 1000 ಶಾಟ್‌ನಲ್ಲಿ ಶೇಕಡಾ 1 ಅಂದರೆ 10 ಸಲ. ಅದು ಸುಮ್ನೆ ಅದೃಷ್ಟದ ಮೇಲೆ 7ರಿಂದ 13ರವರೆಗೆ ಓಲಾಡುತ್ತದೆ. ಶೇಕಡಾ 0.9 ಬಂತು, ಸುಧಾರಿಸಿತು ಅಂತ ಕುಣಿಯುವ ಹಾಗಿಲ್ಲ. 10,000 ಶಾಟ್ ಇಟ್ಟರೆ ಓಲಾಟ ಶೇಕಡಾ 0.1ಕ್ಕೆ ಇಳಿಯುತ್ತದೆ. ಅದಕ್ಕಿಂತ ಕಡಿಮೆಯಲ್ಲಿ ಎರಡು ರೀಸೆಟ್‌ಗಳನ್ನು ಹೋಲಿಸಬೇಡಿ.

## ಹಂತ 3: ರೆಸೊನೇಟರ್ ಖಾಲಿಯಾಗಲಿ

ಇದು ನಾನು ಬಿಟ್ಟಿದ್ದ ಎರಡನೆಯ ಕೆಲಸ.

ಅಳೆಯುವುದು ಅಂದರೆ ಕ್ಯೂಬಿಟ್ ಪಕ್ಕದ ರೆಸೊನೇಟರ್‌ಗೆ ಮೈಕ್ರೋವೇವ್ ಫೋಟಾನ್ ತುಂಬಿ, ವಾಪಸ್ ಬಂದದ್ದನ್ನು ಓದುವುದು. ಓದಿ ಮುಗಿದ ತಕ್ಷಣ ಆ ಫೋಟಾನ್‌ಗಳು ಹೋಗಿಬಿಡುವುದಿಲ್ಲ. ಅವು ಒಳಗಿರುವಷ್ಟು ಹೊತ್ತು ಕ್ಯೂಬಿಟ್‌ನ ಆವೃತ್ತಿ (ಫ್ರೀಕ್ವೆನ್ಸಿ) ಸರಿದಿರುತ್ತದೆ. ಆಗ ಹಾಕಿದ ಎಕ್ಸ್ ಗೇಟ್ ಗುರಿ ತಪ್ಪುತ್ತದೆ. ಪೂರ್ತಿ ತಿರುಗಬೇಕಾದ ಕ್ಯೂಬಿಟ್ ಮುಕ್ಕಾಲು ತಿರುಗಿ ನಿಲ್ಲುತ್ತದೆ.

ಎಷ್ಟು ಕಾಯಬೇಕು ಅನ್ನುವುದು ರೆಸೊನೇಟರ್ ಎಷ್ಟು ಬೇಗ ಸೋರುತ್ತದೆ ಅನ್ನುವುದರ ಮೇಲೆ. ಅದರ ರೇಖೆಯ ಅಗಲ (ಅದು ಸ್ಪಂದಿಸುವ ಆವೃತ್ತಿಗಳ ವ್ಯಾಪ್ತಿ) 1 ಮೆಗಾಹರ್ಟ್ಸ್ ಇದ್ದರೆ ಸೋರುವ ಕಾಲ 159 ನ್ಯಾನೋಸೆಕೆಂಡ್. ಅಳತೆಯ ಕೊನೆಗೆ 5 ಫೋಟಾನ್ ಇದ್ದವು, ನಮಗೆ 0.01ಕ್ಕೆ ಇಳಿಯಬೇಕು ಅಂದರೆ 500 ಪಟ್ಟು ಕಡಿಮೆಯಾಗಬೇಕು. ಅದಕ್ಕೆ ಆರು ಸೋರುವ ಕಾಲಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು 1 ಮೈಕ್ರೋಸೆಕೆಂಡ್ ಬೇಕು. ಅಗಲ 5 ಮೆಗಾಹರ್ಟ್ಸ್ ಇದ್ದರೆ 0.2 ಮೈಕ್ರೋಸೆಕೆಂಡ್ ಸಾಕು.

ಅಘನಾಶಿನಿ ಅಳಿವೆಯಲ್ಲಿ ಬಳಚು ಆರಿಸುವವರು ಇಳಿತ ಆಗುವ ತನಕ ದಡದಲ್ಲೇ ನಿಲ್ಲುತ್ತಾರೆ. ಹಾಗೆ ನಿಲ್ಲಿ. ಕ್ಲೌಡ್ ಯಂತ್ರದಲ್ಲಿ ಅಳತೆಗೂ ಮುಂದಿನ ಗೇಟ್‌ಗೂ ನಡುವೆ ಡಿಲೇ ಸೇರಿಸಬಹುದು. 0, 0.5, 1, 2 ಮೈಕ್ರೋಸೆಕೆಂಡ್ ಹಾಕಿ ನಾಲ್ಕು ಸರ್ಕಿಟ್ ಓಡಿಸಿ. ಫಲ ಎಲ್ಲಿ ನೆಲೆ ನಿಲ್ಲುತ್ತದೋ ಅಲ್ಲಿಗೆ ಬಿಡಿ. ಕೆಲವು ಯಂತ್ರಗಳು ಅಳತೆಯ ಒಳಗೇ ಈ ಬಿಡುವು ಸೇರಿಸಿರುತ್ತವೆ. ಅಲ್ಲಿ ನಾಲ್ಕೂ ಒಂದೇ ಬರುತ್ತದೆ, ಒಳ್ಳೆಯದೇ ಆಯಿತು.

ಪ್ರಯೋಗಾಲಯದವರಿಗೆ ಇನ್ನೊಂದು ದಾರಿ ಇದೆ. ಅಳತೆಯ ಪಲ್ಸ್‌ನ ಬಾಲದಲ್ಲಿ ವಿರುದ್ಧ ಫೇಸ್‌ನ (ಏರಿಳಿತ ತಿರುವುಮುರುವಾದ) ಚಿಕ್ಕ ಪಲ್ಸ್ ಸೇರಿಸಿ ಫೋಟಾನ್‌ಗಳನ್ನು ಹೊರಗೆ ದೂಡಬಹುದು. ಒಂದು ತೊಡಕು: ಕ್ಯೂಬಿಟ್ 0ರಲ್ಲಿದ್ದರೆ ಒಂದು ಆಕಾರ ಬೇಕು, 1ರಲ್ಲಿದ್ದರೆ ಇನ್ನೊಂದು. ಎರಡಕ್ಕೂ ಒಪ್ಪುವ ಆಕಾರ ಹುಡುಕುವುದಕ್ಕೆ ಒಂದು ದಿನ ಇಟ್ಟುಕೊಳ್ಳಿ.

## ಹಂತ 4: ಅಳೆದು ತಿರುಗಿಸುವುದು

ಹೆಚ್ಚು ಬಳಕೆಯಲ್ಲಿರುವ ರೀಸೆಟ್ ಇದು. ಅಳೆಯಿರಿ, 1 ಬಂದರೆ ಎಕ್ಸ್ ಗೇಟ್ ಹಾಕಿ, 0 ಬಂದರೆ ಬಿಟ್ಟುಬಿಡಿ. ಐಬಿಎಂ ಯಂತ್ರದ ರೀಸೆಟ್ ಸೂಚನೆಯ ಒಳಗೂ ನಡೆಯುವುದು ಇದೇ. ಅದು ಎಲ್ಲಿ ಸೋಲುತ್ತದೆ ಅಂತ ಪೆನ್ನು ಹಿಡಿದು ಲೆಕ್ಕ ಮಾಡೋಣ. ಇಲ್ಲಿ ಅವಸರ ಬೇಡ.

ಕ್ಯೂಬಿಟ್ ಅರ್ಧ ಪಾಲು 1ರಲ್ಲಿದೆ ಅನ್ನಿ. ರೀಡೌಟ್ 1ನ್ನು 0 ಅಂತ ಓದುವ ತಪ್ಪು ಶೇಕಡಾ 2. 0ಯನ್ನು 1 ಅಂತ ಓದುವ ತಪ್ಪು ಶೇಕಡಾ 1. ಓದಿದ ಮೇಲೆ ಎಕ್ಸ್ ಗೇಟ್ ಹೋಗುವಷ್ಟರಲ್ಲಿ 500 ನ್ಯಾನೋಸೆಕೆಂಡ್ ಆಗುತ್ತದೆ, ಟಿ-1 50 ಮೈಕ್ರೋಸೆಕೆಂಡ್, ಅಂದರೆ ಆ ನಡುವೆ ಶೇಕಡಾ 1 ಇಳಿದುಬಿಡುತ್ತದೆ. ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು, ನಿಮ್ಮ ಯಂತ್ರದ್ದನ್ನು 2ನೇ ಹಂತದಿಂದ ತೆಗೆದುಕೊಳ್ಳಿ.

ಮೊದಲ ಸುತ್ತು. ಒಟ್ಟು 100 ಪಾಲು ಅನ್ನಿ, 1ರಲ್ಲಿದ್ದ 50ರಲ್ಲಿ ಶೇಕಡಾ 2 ತಪ್ಪಿಸಿಕೊಂಡಿತು, ಅಂದರೆ 1 ಪಾಲು. 0ರಲ್ಲಿದ್ದ 50ರಲ್ಲಿ ಶೇಕಡಾ 1ನ್ನು ತಪ್ಪಾಗಿ 1 ಅಂತ ಓದಿ, ಸುಮ್ಮನಿದ್ದದ್ದನ್ನು ನಾವೇ 1ಕ್ಕೆ ಎತ್ತಿದೆವು, ಅದು 0.5. ಸರಿಯಾಗಿ ಓದಿದ ಮೇಲೆ ಗೇಟ್ ಬರುವ ಮುಂಚೆ ಇಳಿದದ್ದನ್ನೂ ಮತ್ತೆ ಎತ್ತಿದೆವು, ಅದೊಂದು 0.5. ಒಟ್ಟು ಶೇಕಡಾ 2. ಪರವಾಗಿಲ್ಲ.

ಎರಡನೇ ಸುತ್ತು. ಈಗ 1ರಲ್ಲಿರುವುದು 2 ಪಾಲು ಮಾತ್ರ. ತಪ್ಪಿಸಿಕೊಂಡದ್ದು 0.04. ನಡುವೆ ಇಳಿದದ್ದು 0.02. ಆದರೆ 0ರಲ್ಲಿ ಆರಾಮಾಗಿದ್ದ 98 ಪಾಲಿನಲ್ಲಿ ಶೇಕಡಾ 1ನ್ನು ನಾವು ಎತ್ತುತ್ತೇವೆ, ಅದು 0.98. ಒಟ್ಟು 1.04.

ಮೂರನೇ ಸುತ್ತಿಗೂ 1ರ ಆಸುಪಾಸೇ. ನಾಲ್ಕಕ್ಕೂ ಅಷ್ಟೇ. ನನ್ನ ಗೆರೆ ಸಪಾಟಾದದ್ದು ಇದಕ್ಕೇ ಮಾರಾಯ್ರೇ. ಸ್ವಚ್ಛ ಇರುವ ಗಡಿಗೆಯನ್ನು ಕೊಳೆ ಬಟ್ಟೆಯಲ್ಲಿ ಒರೆಸುತ್ತಿದ್ದೆ.

ಹಾಗಾದರೆ ಏನು ಮಾಡಬೇಕು? ಮೊದಲ ಸುತ್ತಿನ ನಿಯಮವೇ ಎರಡನೇ ಸುತ್ತಿಗೆ ಬೇಡ. ಎರಡನೇ ಸುತ್ತಿನಲ್ಲಿ ಕ್ಯೂಬಿಟ್ ಬಹುತೇಕ 0ರಲ್ಲಿದೆ ಅಂತ ನಮಗೆ ಗೊತ್ತು. ಆದ್ದರಿಂದ 1 ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಕೇಳಬೇಕು.

ಪ್ರಯೋಗಾಲಯದಲ್ಲಿ 0 ಮತ್ತು 1ನ್ನು ಬೇರ್ಪಡಿಸುವ ಗೆರೆಯನ್ನೇ 1ರ ಕಡೆಗೆ ಸರಿಸಿ. 1ನ್ನು ತಪ್ಪಿಸಿಕೊಳ್ಳುವುದು ಶೇಕಡಾ 10ಕ್ಕೆ ಏರಲಿ, ತೊಂದರೆ ಇಲ್ಲ, 2 ಪಾಲಿನಲ್ಲಿ ಶೇಕಡಾ 10 ಅಂದರೆ 0.2 ಮಾತ್ರ. ಅದರ ಬದಲು 0ಯನ್ನು 1 ಅನ್ನುವ ತಪ್ಪು ಶೇಕಡಾ 0.1ಕ್ಕೆ ಇಳಿದರೆ ಒಟ್ಟು ಕೊಳೆ 0.3ರ ಹತ್ತಿರ ನಿಲ್ಲುತ್ತದೆ.

ಕ್ಲೌಡ್‌ನಲ್ಲಿ ಗೆರೆ ನಮ್ಮ ಕೈಯಲ್ಲಿಲ್ಲ. ಅಲ್ಲಿಗೆ ಕಾರವಾರದ ಒಬ್ಬಳು ವಿದ್ಯಾರ್ಥಿನಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ ದಾರಿ ಚೆನ್ನಾಗಿದೆ. ಎರಡನೇ ಸುತ್ತಿನಲ್ಲಿ ಎರಡು ಸಲ ಅಳೆಯಿರಿ, ಎರಡೂ 1 ಬಂದರೆ ಮಾತ್ರ ಎಕ್ಸ್ ಹಾಕಿ. ಎರಡು ಸಲವೂ ತಪ್ಪಾಗಿ 1 ಬರುವುದು ನೂರರಲ್ಲೊಂದರ ನೂರರಲ್ಲೊಂದು, ಶೇಕಡಾ 0.01. ತಪ್ಪಿಸಿಕೊಳ್ಳುವುದು ಶೇಕಡಾ 4ರ ಹತ್ತಿರ, 2 ಪಾಲಿಗೆ 0.08. ನಡುವೆ ಇಳಿದದ್ದು 0.02. ಒಟ್ಟು 0.11. ಅದೇ ಯಂತ್ರ, ಅದೇ ರೀಡೌಟ್, ಹತ್ತರಲ್ಲಿ ಒಂದು ಪಾಲು ಕೊಳೆ. ಇದು ಕಾಗದದ ಲೆಕ್ಕ, ಎರಡು ಅಳತೆಗಳ ತಪ್ಪು ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಮಾತ್ರ ನಿಲ್ಲುತ್ತದೆ. ಮೊದಲ ಅಳತೆಯ ಫೋಟಾನ್ ಉಳಿದಿದ್ದರೆ ಎರಡನೆಯದು ಅದೇ ತಪ್ಪು ಮಾಡುತ್ತದೆ. 3ನೇ ಹಂತ ಬಿಟ್ಟು ಇಲ್ಲಿಗೆ ಬರಬೇಡಿ ಅನ್ನುವುದು ಇದಕ್ಕೇ.

ತಿರುಗಿಸದೇ ಇರುವ ದಾರಿಯೂ ಒಂದಿದೆ. ಶುರುವಿನಲ್ಲಿ ಅಳೆಯಿರಿ, 1 ಬಂದ ಶಾಟ್‌ಗಳನ್ನು ಕೊನೆಗೆ ಎತ್ತಿ ಬಿಸಾಡಿ. ಅಡಿಕೆ ಆರಿಸಿದ ಹಾಗೆ. ವೇಗದ ನಿಯಂತ್ರಕ ಬೇಡ, ತಪ್ಪಾಗಿ ಎತ್ತುವ ಭಯ ಇಲ್ಲ. ಒಂದೆರಡು ಕ್ಯೂಬಿಟ್ ಇದ್ದರೆ ನಾನು ಇದನ್ನೇ ಮಾಡುತ್ತೇನೆ. 20 ಕ್ಯೂಬಿಟ್ ಇದ್ದು ಪ್ರತಿಯೊಂದರಲ್ಲೂ ಶೇಕಡಾ 2 ಹೋದರೆ ಉಳಿಯುವುದು 67 ಪಾಲು ಮಾತ್ರ, ಮೂರರಲ್ಲೊಂದು ಶಾಟ್ ಕಸಕ್ಕೆ. ಅಲ್ಲಿ ಮತ್ತೆ ಯೋಚಿಸಿ.

## ಹಂತ 5: 2ನೇ ಮೆಟ್ಟಿಲು ಮರೆಯಬೇಡಿ

ಟ್ರಾನ್ಸ್‌ಮಾನ್‌ಗೆ, ಅಂದರೆ ಇಲ್ಲಿ ಹೇಳುತ್ತಿರುವ ಬಗೆಯ ಕ್ಯೂಬಿಟ್‌ಗೆ, ಇರುವುದು ಎರಡೇ ಮೆಟ್ಟಿಲಲ್ಲ. 0, 1, ಅದರ ಮೇಲೆ 2, ಇನ್ನೂ ಮೇಲೆ. ಗೇಟ್ ಜೋರಾದರೆ, ಅಳತೆಯ ಪಲ್ಸ್ ಜೋರಾದರೆ ಕ್ಯೂಬಿಟ್ 2ಕ್ಕೆ ಹಾರುತ್ತದೆ. ರೀಡೌಟ್ ಅದನ್ನು ಬಹಳ ಸಲ 1 ಅಂತಲೇ ಓದುತ್ತದೆ. ನೀವು ಎಕ್ಸ್ ಹಾಕುತ್ತೀರಿ. ಆ ಗೇಟ್‌ನ ಆವೃತ್ತಿ 0 ಮತ್ತು 1ರ ನಡುವಿನದು, 2ಕ್ಕೆ ಅದು ತಟ್ಟುವುದೇ ಇಲ್ಲ.

ಗುರುತು ಹಿಡಿಯುವುದು ಸುಲಭ. ಒಂದೇ ಶಾಟ್‌ನಲ್ಲಿ ಅಳೆದು ತಿರುಗಿಸುವುದನ್ನು ಎಂಟು ಸಲ ಮಾಡಿ. ಸಾಮಾನ್ಯ ತಪ್ಪಾದರೆ 1 ಅಲ್ಲೊಂದು ಇಲ್ಲೊಂದು ಬರುತ್ತದೆ. 2ಕ್ಕೆ ಹೋಗಿದ್ದರೆ 1, 1, 1, 1 ಅಂತ ಸಾಲಾಗಿ ಬಂದು, ತಾನಾಗೇ ಇಳಿದ ಮೇಲೆ ನಿಲ್ಲುತ್ತದೆ. ಸಾಲು ಕಂಡರೆ ರೀಸೆಟ್ ತಿದ್ದುವುದನ್ನು ಬಿಟ್ಟು ಅಳತೆಯ ಶಕ್ತಿ ಕಡಿಮೆ ಮಾಡಿ. ಕ್ಲೌಡ್‌ನಲ್ಲಿ ಅದು ಆಗದು, ಬೇರೆ ಕ್ಯೂಬಿಟ್ ಆರಿಸಿಕೊಳ್ಳಿ.

## ಹಂತ 6: ಅಳೆಯದೇ ರೀಸೆಟ್ ಮಾಡುವುದು

ಪಲ್ಸ್ ಮಟ್ಟದ ಹಿಡಿತ ಇರುವವರಿಗೆ, ಅಥವಾ ಕ್ಯೂಟಿಪ್‌ನಲ್ಲಿ ಕಲಿಯುವವರಿಗೆ. ಉಪಾಯ ಇಷ್ಟು: ಕ್ಯೂಬಿಟ್‌ನ ಶಕ್ತಿಯನ್ನು ರೆಸೊನೇಟರ್‌ಗೆ ದಾಟಿಸಿ, ರೆಸೊನೇಟರ್ ಅದನ್ನು ಬೇಗ ಹೊರಗೆ ಚೆಲ್ಲಲಿ. ಓದುವ ತಪ್ಪು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಆವೃತ್ತಿ ಬದಲಿಸಲು ಬರುವ ಕ್ಯೂಬಿಟ್ ಇದ್ದರೆ ಅದನ್ನು ರೆಸೊನೇಟರ್ ಆವೃತ್ತಿಯ ತನಕ ಎಳೆದು ತಂದು, ಸ್ವಲ್ಪ ನಿಲ್ಲಿಸಿ, ವಾಪಸ್ ಕಳಿಸಿದರಾಯಿತು. ಯೇಲ್ ವಿಶ್ವವಿದ್ಯಾಲಯದವರು 2010ರಲ್ಲಿ ಹೀಗೆ 120 ನ್ಯಾನೋಸೆಕೆಂಡ್‌ನಲ್ಲಿ ಶೇಕಡಾ 99.9 ತೋರಿಸಿದ್ದರು. ದಾರಿಯಲ್ಲಿ ವಸ್ತುದೋಷಗಳ ಆವೃತ್ತಿ ಸಿಕ್ಕಿದರೆ ಅಲ್ಲಿ ನಿಧಾನಿಸಬೇಡಿ, ಶಕ್ತಿ ಅದಕ್ಕೆ ಅಂಟಿಕೊಂಡು ಆಮೇಲೆ ವಾಪಸ್ ಬರುತ್ತದೆ.

ಆವೃತ್ತಿ ಕದಲದ ಕ್ಯೂಬಿಟ್‌ಗೆ ಮೈಕ್ರೋವೇವ್ ದಾರಿ. ಕ್ರಮ ಹೀಗಿದೆ.

1. 0-1 ಮತ್ತು 1-2 ಮೆಟ್ಟಿಲುಗಳ ಆವೃತ್ತಿ ಕರಾರುವಾಕ್ಕಾಗಿ ಅಳೆಯಿರಿ. 5.0 ಮತ್ತು 4.7 ಗಿಗಾಹರ್ಟ್ಸ್ ಅನ್ನಿ.

2. 1-2ರ ಪೂರ್ತಿ ತಿರುಗಿಸುವ ಪಲ್ಸ್ ಹೊಂದಿಸಿ. 1ರಲ್ಲಿದ್ದದ್ದು 2ಕ್ಕೆ ಏರುತ್ತದೆ. ಇಳಿಸಲು ಹೊರಟು ಏರಿಸುವುದಾ ಅಂತ ಗಾಬರಿ ಬೇಡ.

3. ಕ್ಯೂಬಿಟ್ 2ರಲ್ಲಿ, ರೆಸೊನೇಟರ್ ಖಾಲಿ. ಅಲ್ಲಿಂದ ಕ್ಯೂಬಿಟ್ 0, ರೆಸೊನೇಟರ್‌ನಲ್ಲಿ ಒಂದು ಫೋಟಾನ್ ಅನ್ನುವ ಸ್ಥಿತಿಗೆ ಒಂದು ಜೋರಾದ ಡ್ರೈವ್ (ಮೈಕ್ರೋವೇವ್ ಅಲೆ) ಸೇತುವೆ ಕಟ್ಟುತ್ತದೆ. ಅದರ ಆವೃತ್ತಿ ಎರಡು ಮೆಟ್ಟಿಲುಗಳ ಮೊತ್ತದಲ್ಲಿ ರೆಸೊನೇಟರ್ ಆವೃತ್ತಿ ಕಳೆದಷ್ಟು. ರೆಸೊನೇಟರ್ 7.0 ಇದ್ದರೆ 5.0 ಮತ್ತು 4.7 ಕೂಡಿಸಿ 7.0 ಕಳೆದರೆ 2.7 ಗಿಗಾಹರ್ಟ್ಸ್.

4. ಆದರೆ ನೀವು 2.7ರಲ್ಲೇ ಹುಡುಕಿದರೆ ಏನೂ ಸಿಗುವುದಿಲ್ಲ. ಈ ಡ್ರೈವ್ ಜೋರಾಗಿರಬೇಕು, ಜೋರಾದಷ್ಟೂ ಮೆಟ್ಟಿಲುಗಳೇ ಸರಿಯುತ್ತವೆ. ಪ್ರತಿ ಶಕ್ತಿಗೂ ಆವೃತ್ತಿ ಬೇರೆ. ಶಕ್ತಿಯನ್ನು ಅಡ್ಡಕ್ಕೆ, ಆವೃತ್ತಿಯನ್ನು ಉದ್ದಕ್ಕೆ ಇಟ್ಟು ಎರಡೂ ಕಡೆ ಗುಡಿಸಿ ನೋಡಿ. ಬಾಗಿದ ಒಂದು ಗೆರೆ ಕಾಣುತ್ತದೆ. ಇಲ್ಲಿ ಜನ ಬಿಟ್ಟು ಹೋಗುತ್ತಾರೆ, ನೀವು ಬಿಡಬೇಡಿ.

5. ಎರಡೂ ಡ್ರೈವ್ ಒಟ್ಟಿಗೆ ಹಾಕಿ. ಕ್ಯೂಬಿಟ್ 1ರಲ್ಲಿರಲಿ 2ರಲ್ಲಿರಲಿ, ಸೇತುವೆ ದಾಟಿ 0ಗೆ ಬೀಳುತ್ತದೆ. ಕೊನೆಯಲ್ಲಿ ರೆಸೊನೇಟರ್ ಖಾಲಿಯಾಗಲು ಮತ್ತೆ 3ನೇ ಹಂತದ ಬಿಡುವು ಕೊಡಿ.

ಜ್ಯೂರಿಚ್‌ನ ಇಟಿಎಚ್ ವಿಶ್ವವಿದ್ಯಾಲಯದವರು 2018ರಲ್ಲಿ ಈ ರೀತಿ 500 ನ್ಯಾನೋಸೆಕೆಂಡ್ ಒಳಗೆ ಕೊಳೆಯನ್ನು ಶೇಕಡಾ 0.2ಕ್ಕೆ ಇಳಿಸಿದರು. ಅವರ ರೆಸೊನೇಟರ್ ಬೇಗ ಸೋರುವಂಥದ್ದು. ನಿಮ್ಮದು ನಿಧಾನ ಸೋರುತ್ತಿದ್ದರೆ ಇಷ್ಟು ಬೇಗ ಆಗದು, ಫೋಟಾನ್ ಸೇತುವೆ ಮೇಲೆ ಹಿಂದೆ ಮುಂದೆ ಓಡಾಡುತ್ತಿರುತ್ತದೆ.

ಕ್ಯೂಟಿಪ್‌ನಲ್ಲಿ ಕ್ಯೂಬಿಟ್‌ಗೆ ಮೂರು ಮೆಟ್ಟಿಲು, ರೆಸೊನೇಟರ್‌ಗೆ ಮೂರು, ಒಟ್ಟು ಒಂಬತ್ತು ಸ್ಥಿತಿ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಓಡುತ್ತದೆ. ಸೋರುವ ವೇಗ ಹೆಚ್ಚು ಕಡಿಮೆ ಮಾಡಿ ಆ ಓಡಾಟ ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ಕಾಗದದ ಮೇಲೆ ಒಂದು ವಾರ ಓದಿದ್ದಕ್ಕಿಂತ ಜಾಸ್ತಿ ತಿಳಿಯುತ್ತದೆ.

## ಹಂತ 7: ರೀಸೆಟ್ ಆಯಿತಾ ಅಂತ ಪರೀಕ್ಷಿಸುವುದು

ರೀಸೆಟ್ ಮಾಡಿ ಒಂದು ಸಲ ಅಳೆದರೆ ಮತ್ತೆ ಅದೇ ಗೊಂದಲ, ಕೊಳೆಯೋ ಓದುವ ತಪ್ಪೋ ಗೊತ್ತಾಗುವುದಿಲ್ಲ. ಎರಡು ಸರ್ಕಿಟ್ ಮಾಡಿ. ಒಂದರಲ್ಲಿ 0 ತಯಾರಿಸಿ ರೀಸೆಟ್ ಮಾಡಿ ಅಳೆಯಿರಿ. ಇನ್ನೊಂದರಲ್ಲಿ 1 ತಯಾರಿಸಿ ರೀಸೆಟ್ ಮಾಡಿ ಅಳೆಯಿರಿ. ಎರಡರಲ್ಲೂ ಬಂದ 1ರ ಪಾಲನ್ನು ಕಳೆಯಿರಿ. ಓದುವ ತಪ್ಪು ಎರಡರಲ್ಲೂ ಒಂದೇ, ಕಳೆದಾಗ ಹೋಗುತ್ತದೆ. ಉಳಿದ ವ್ಯತ್ಯಾಸವೇ ಕ್ಯೂಬಿಟ್‌ಗೆ ಹಿಂದಿನದು ಎಷ್ಟು ನೆನಪಿದೆ ಅನ್ನುವುದರ ಅಳತೆ. ವ್ಯತ್ಯಾಸ 0ಗೆ ಹತ್ತಿರ ಇದ್ದೂ ಎರಡರಲ್ಲೂ 1 ಜಾಸ್ತಿ ಬರುತ್ತಿದ್ದರೆ ರೀಸೆಟ್‌ನ ಮೇಲೆ ಸಿಟ್ಟಾಗಬೇಡಿ. ರೀಸೆಟ್ ಆದ ಮೇಲೆ ಎರಡು ಸಲ ಅಳೆದು, ಎರಡೂ 1 ಬಂದ ಪಾಲು ನೋಡಿ. ಅದು ಚಿಕ್ಕದಿದ್ದರೆ ತಪ್ಪು ಓದುವುದರಲ್ಲಿ, ದೊಡ್ಡದಿದ್ದರೆ ನೀವೇ ಎತ್ತುತ್ತಿದ್ದೀರಿ.

ಪಲ್ಸ್ ಹಿಡಿತ ಇದ್ದರೆ ಇನ್ನೂ ಸೂಕ್ಷ್ಮ ಪರೀಕ್ಷೆ ಸಿಗುತ್ತದೆ. 1-2 ಮೆಟ್ಟಿಲಿನ ನಡುವೆ ರಾಬಿ ಓಲಾಟ ಮಾಡಿಸಿ, ಅಂದರೆ ಪಲ್ಸ್ ಹೆಚ್ಚಿಸುತ್ತ ಹೋಗಿ ಕ್ಯೂಬಿಟ್ ಎರಡು ಮೆಟ್ಟಿಲ ನಡುವೆ ಏರಿಳಿಯುವುದನ್ನು ನೋಡಿ. ಮೊದಲು ಹಾಗೇ, ಆಮೇಲೆ 0-1ನ್ನು ಅದಲು ಬದಲು ಮಾಡಿ. ಮೊದಲ ಓಲಾಟದ ಎತ್ತರವನ್ನು ಎರಡರ ಮೊತ್ತದಿಂದ ಭಾಗಿಸಿದರೆ 1ರಲ್ಲಿ ಉಳಿದ ಪಾಲು ನೇರವಾಗಿ ಬರುತ್ತದೆ.

ಶಾಟ್‌ಗಳನ್ನು ಬಂದ ಕ್ರಮದಲ್ಲೇ ಇಟ್ಟುಕೊಂಡು ಇನ್ನೊಂದು ಪರೀಕ್ಷೆ ಮಾಡಿ. ಹಿಂದಿನ ಶಾಟ್ 1ರಲ್ಲಿ ಮುಗಿದಿದ್ದವನ್ನೂ 0ರಲ್ಲಿ ಮುಗಿದಿದ್ದವನ್ನೂ ಬೇರೆ ಗುಂಪು ಮಾಡಿ. ಎರಡು ಗುಂಪಿನ ಸರಾಸರಿ ಬೇರೆ ಬಂದರೆ ಹಿಂದಿನ ಶಾಟ್ ಮುಂದಿನದಕ್ಕೆ ಸೋರುತ್ತಿದೆ.

## ಈ ಲಕ್ಷಣ ಕಂಡರೆ ನಿಲ್ಲಿಸಿ

ರೀಸೆಟ್ ಹೆಚ್ಚಿಸಿದಷ್ಟೂ ಫಲ ಕೆಡುತ್ತಿದೆ ಅಂದರೆ 0ಯನ್ನು 1 ಅಂತ ಓದುವ ತಪ್ಪೇ ದೊಡ್ಡದು, 4ನೇ ಹಂತದ ಎರಡನೇ ಸುತ್ತಿಗೆ ಹೋಗಿ. ಡಿಲೇ ಹಾಕಿದಾಗ ಸುಧಾರಿಸಿದರೆ ರೆಸೊನೇಟರ್. ಡಿಲೇ ತೀರಾ ಉದ್ದ ಮಾಡಿದಾಗ ಮತ್ತೆ ಕೆಟ್ಟರೆ ಅದು ಶಾಖ. ಟಿ-1 100 ಮೈಕ್ರೋಸೆಕೆಂಡ್, ಶಾಖದ ಕೊಳೆ ಶೇಕಡಾ 1 ಇರುವ ಕ್ಯೂಬಿಟ್ ರೀಸೆಟ್ ಆದ ಮೇಲೆ 10 ಮೈಕ್ರೋಸೆಕೆಂಡ್ ಸುಮ್ನೆ ಕೂತರೆ 0.1 ಪಾಲು ವಾಪಸ್ ಬಂದಿರುತ್ತದೆ. ಎಲ್ಲ ಕ್ಯೂಬಿಟ್‌ಗಳನ್ನೂ ಶುರುವಿನಲ್ಲೇ ರೀಸೆಟ್ ಮಾಡಿ ಇಟ್ಟು, ಒಂದನ್ನು ಕೊನೆಗೆ ಬಳಸಬೇಡಿ. ಬಳಸುವ ತುಸು ಮುಂಚೆ ಮಾಡಿ.

ರೀಸೆಟ್ ಆದ ಕ್ಯೂಬಿಟ್ ಸರಿ ಇದ್ದು ಪಕ್ಕದ್ದು ಕೆಟ್ಟರೆ ಎರಡು ಕಾರಣ ಇರಬಹುದು. ಪಕ್ಕದ್ದು ಅಷ್ಟು ಹೊತ್ತು ಸುಮ್ಮನೆ ಕಾದು ತನ್ನ ಕ್ವಾಂಟಂ ಫೇಸ್ ಕಳೆದುಕೊಂಡಿರಬಹುದು, ಅದಕ್ಕೆ ಕಾಯುವ ಕಾಲದಲ್ಲಿ ಡೈನಾಮಿಕಲ್ ಡಿಕಪ್ಲಿಂಗ್ ಪಲ್ಸ್ (ಫೇಸ್ ಉಳಿಸಲು ನಡುನಡುವೆ ತಿರುಗಿಸುವ ಪಲ್ಸ್) ಹಾಕಿ. ಅಥವಾ ಎರಡೂ ಹೆಣೆದುಕೊಂಡಿದ್ದವು, ನೀವು ಒಂದನ್ನು ಒರೆಸಿದಿರಿ, ಇನ್ನೊಂದರ ಮಾಹಿತಿಯೂ ಹೋಯಿತು. ಎರಡನೆಯದಕ್ಕೆ ಯಾವ ರೀಸೆಟ್ಟೂ ಮದ್ದಲ್ಲ. ಒರೆಸುವ ಮುಂಚೆ ಗೇಟ್‌ಗಳನ್ನು ತಿರುಗಾ ಮುರುಗಾ ಓಡಿಸಿ ಹೆಣಿಗೆ ಬಿಚ್ಚಬೇಕು.

ಕೊನೆಗೆ, ಪ್ರತಿ ಓಟದ ಜೊತೆ ಕ್ಯೂಬಿಟ್ ಸಂಖ್ಯೆ, ಆ ಹೊತ್ತಿನ ಟಿ-1, ರೀಡೌಟ್‌ನ ಎರಡೂ ತಪ್ಪು, ದಿನಾಂಕ, ಗಂಟೆ ಬರೆದಿಡಿ. ಬೆಳಿಗ್ಗೆ 200 ಇದ್ದ ಟಿ-1 ಸಂಜೆಗೆ 90 ಆಗಿರುವುದು ಉಂಟು. ಬೆಳಿಗ್ಗೆಯ ಅಂಕಿ ಹಿಡಿದು ಸಂಜೆಯ ರೀಸೆಟ್ ತೂಗಿದ್ದಕ್ಕೆ ಹೋದ ವಾರ ಒಂದು ತಂಡ 2ನೇ ಹಂತದಿಂದ ಮತ್ತೆ ಶುರು ಮಾಡಿತು.